ಅಯಸ್ಕಾಂತಕ್ಕೆ ಅಂಟುವ ಸ್ಟೀಲು 800 ಡಿಗ್ರಿಯಲ್ಲಿ ಗೆದ್ದದ್ದು ಹೇಗೆ?

ಪ್ರಶ್ನೆ: ಕಾರವಾರದಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ಶಾಪ್ ಇದೆ. ಗೇಟು, ಗ್ರಿಲ್ಲು, ಹೋಟೆಲ್ ಅಡುಗೆಮನೆಯ ಸ್ಟೀಲ್ ಕೆಲಸ ಮಾಡುತ್ತೇನೆ. ಮಗಳು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಇಂಧನವನ್ನು ಉರಿಸದೆ ನೇರವಾಗಿ ಕರೆಂಟು ಮಾಡುವ ಸಾಲಿಡ್ ಆಕ್ಸೈಡ್ ಫ್ಯುಯೆಲ್ ಸೆಲ್ಲಿಗೆ ಬೇಕಾಗುವ ಸ್ಟೀಲ್ ಪ್ಲೇಟುಗಳ ಮೇಲೆ ಅವಳ ಪ್ರಾಜೆಕ್ಟು. ನಾನೇ ಸ್ಟೇನ್‌ಲೆಸ್ ಸ್ಟೀಲಿನ 304, 316, 430 ಮೂರೂ ದರ್ಜೆಯ ತಗಡಿನ ತುಂಡು ಕತ್ತರಿಸಿ ಕೊಟ್ಟೆ. ಕಾಲೇಜಿನ ಮಫಲ್ ಫರ್ನೇಸಿನಲ್ಲಿ ಹಗಲು 800 ಡಿಗ್ರಿಯಲ್ಲಿ ಇಟ್ಟು, ಸಂಜೆ ಆರಿಸಿ, ಕೆಲವು ವಾರ ನೋಡಿದಳು. 304 ಮತ್ತು 316ರಿಂದ ಕಪ್ಪು ಹುರುಪೆ ಉದುರಿತು. 430 ಬೂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ನಿಂತಿತು. ಅಂಚಿನಲ್ಲಿ ಮಾತ್ರ ಕೆಂಪು ಚುಕ್ಕೆ ಬಿದ್ದಿವೆ. ನಮ್ಮ ಲೈನಿನಲ್ಲಿ ಅಯಸ್ಕಾಂತಕ್ಕೆ ಅಂಟುವ 430 ಅಂದರೆ ಅಗ್ಗದ ಮಾಲು. ಅದು ಹೇಗೆ ಗೆದ್ದಿತು? ಪೇಟೆಯಲ್ಲಿ ಸಿಗುವ 430ಯನ್ನೇ ಬಳಸಬಹುದಾ? ನಮ್ಮ ಕಡಲ ಗಾಳಿಯಿಂದ ವ್ಯತ್ಯಾಸ ಆಗುತ್ತದಾ? ಜಲಾಂತರ್ಗಾಮಿಗೆ ತಯಾರಾಗುತ್ತಿದೆ ಅನ್ನುವ ಫ್ಯುಯೆಲ್ ಸೆಲ್ ಇದೇನಾ? ಶಿರಸಿಯ ತಂಗಿ ಮನೆಯ ಗೋಬರ್ ಗ್ಯಾಸಿನಿಂದ ಇಂಥ ಸೆಲ್ ನಡೆಸಬಹುದಾ?

ಉತ್ತರ: ನಿಮ್ಮ ಮಗಳಿಗೆ ಬಂದ ಫಲಿತಾಂಶ ಸರಿಯಾಗೇ ಇದೆ. ಫರ್ನೇಸ್ ಕೆಟ್ಟಿಲ್ಲ, ತುಂಡುಗಳೂ ಅದಲುಬದಲಾಗಿಲ್ಲ. ಮೊದಲು ಅಯಸ್ಕಾಂತದ ವಿಷಯ ಮುಗಿಸೋಣ.

ಅಯಸ್ಕಾಂತ ಹೇಳುವುದು ಒಂದೇ ಮಾತು: ಸ್ಟೀಲಿನೊಳಗೆ ಕಬ್ಬಿಣದ ಪರಮಾಣುಗಳು ಯಾವ ರೀತಿ ಜೋಡಣೆಯಾಗಿವೆ ಎಂದು. 304, 316ರಲ್ಲಿ ನಿಕ್ಕಲ್ ಇರುತ್ತದೆ. ಅದು ಪರಮಾಣುಗಳ ಜೋಡಣೆಯನ್ನೇ ಬದಲಿಸುತ್ತದೆ, ಹಾಗಾಗಿ ಅಂಟುವುದಿಲ್ಲ. ಇವಕ್ಕೆ ಆಸ್ಟನೈಟಿಕ್ ಸ್ಟೀಲು ಅನ್ನುತ್ತಾರೆ. 430ರಲ್ಲಿ ಶೇ. 16ರಿಂದ 18ರಷ್ಟು ಕ್ರೋಮಿಯಂ ಇದೆ, ನಿಕ್ಕಲ್ ಹೆಚ್ಚುಕಡಿಮೆ ಇಲ್ಲ. ಇದು ಫೆರಿಟಿಕ್, ಅಂಟುತ್ತದೆ. ನಿಕ್ಕಲ್ ದುಬಾರಿ, ಅದಕ್ಕೇ 430 ಅಗ್ಗ. ಇನ್ನು ಪೇಟೆಯಲ್ಲಿ 202 ಅಂತ ಬರುತ್ತದಲ್ಲ, ಅದರಲ್ಲಿ ನಿಕ್ಕಲ್‌ನ ಬಹುಪಾಲು ಜಾಗಕ್ಕೆ ಮ್ಯಾಂಗನೀಸ್ ಹಾಕಿರುತ್ತಾರೆ. ಅದೂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ಕಡಲ ಬದಿಯಲ್ಲಿ 304ಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ. ಅಂದರೆ ಗಿರಾಕಿಗಳು ಅಯಸ್ಕಾಂತ ಹಿಡಿದು ನೋಡುವ ಪರೀಕ್ಷೆ ಗೇಟು ಗ್ರಿಲ್ಲಿಗೂ ಪೂರ್ತಿ ಸರಿಯಲ್ಲ. 304ರ ತಗಡನ್ನೇ ಗಟ್ಟಿಯಾಗಿ ಬಗ್ಗಿಸಿದರೆ ಬಗ್ಗಿದ ಜಾಗ ಸ್ವಲ್ಪ ಅಂಟುವುದನ್ನು ನೀವೇ ನೋಡಿರುತ್ತೀರಿ.

ಹಾಗಂತ ನಾಳೆಯಿಂದ ಕಡಲ ಬದಿಯ ಗೇಟಿಗೆ 430 ಹಾಕಬೇಡಿ. ಉಪ್ಪುನೀರಿನ ತುಕ್ಕು ಬೇರೆ, ಕೆಂಡದ ಬಿಸಿಯಲ್ಲಿ ಗಾಳಿಯೊಂದಿಗೆ ನಡೆಯುವ ಉತ್ಕರ್ಷಣ ಬೇರೆ. ಮಳೆಯಲ್ಲಿ ಗೆಲ್ಲುವ ಸ್ಟೀಲು ಬೆಂಕಿಯಲ್ಲೂ ಗೆಲ್ಲಬೇಕೆಂದೇನೂ ಇಲ್ಲ.

ಬಿಸಿಯಲ್ಲಿ 430 ಗೆದ್ದದ್ದಕ್ಕೆ ಮುಖ್ಯ ಕಾರಣ ಹಿಗ್ಗುವಿಕೆ. 100 ಮಿಲಿಮೀಟರ್ ಉದ್ದದ ತಗಡನ್ನು ಕೋಣೆಯ ಬಿಸಿಯಿಂದ 800 ಡಿಗ್ರಿಗೆ ಒಯ್ದರೆ 304 ಸುಮಾರು 1.4 ಮಿಲಿಮೀಟರ್ ಹಿಗ್ಗುತ್ತದೆ. 430 ಸುಮಾರು 0.9. ಫ್ಯುಯೆಲ್ ಸೆಲ್ಲಿನೊಳಗಿನ ಜಿರ್ಕೋನಿಯಾ ಸೆರಾಮಿಕ್ ಸುಮಾರು 0.8. ಸ್ಟೀಲಿನ ಮೇಲೆ ಬೆಳೆಯುವ ಕ್ರೋಮಿಯಂ ಆಕ್ಸೈಡಿನ ಪದರ ಅದಕ್ಕಿಂತಲೂ ಕಮ್ಮಿ. ಸಂಜೆ ಫರ್ನೇಸ್ ಆರಿಸಿದಾಗ 304 ಜೋರಾಗಿ ಕುಗ್ಗುತ್ತದೆ, ಮೇಲಿನ ಪದರ ಅಷ್ಟು ಕುಗ್ಗಲಾರದೆ ಒತ್ತಿಸಿಕೊಂಡು ಎದ್ದು ಚಟಪಟ ಸಿಡಿಯುತ್ತದೆ. ನಿಮಗೆ ಸಿಕ್ಕ ಹುರುಪೆ ಅದೇ. ಫರ್ನೇಸ್ ಆರಿಸದೆ ಸತತವಾಗಿ ಇಟ್ಟಿದ್ದರೆ 304 ಇಷ್ಟು ಕೆಟ್ಟದಾಗಿ ಕಾಣುತ್ತಿರಲಿಲ್ಲ.

ಸ್ಟೀಲ್ ಕೈಪಿಡಿಗಳಲ್ಲಿ ಇದಕ್ಕೊಂದು ಒಳ್ಳೆ ಸಾಕ್ಷಿ ಇದೆ. ಗಾಳಿಯಲ್ಲಿ 304 ಅನ್ನು ಸತತ ಬಳಕೆಗೆ 925 ಡಿಗ್ರಿಯವರೆಗೆ, ಕಾಯಿಸಿ ತಣಿಸುವ ಬಳಕೆಗೆ 870ರವರೆಗೆ ಒಯ್ಯಬಹುದು ಎಂದು ಕೊಟ್ಟಿರುತ್ತಾರೆ. 430ಗೆ ಇದು ತಿರುವುಮುರುವು: ಸತತಕ್ಕೆ 815, ಕಾಯಿಸಿ ತಣಿಸಲು 870. ಮೊದಲ ಸಲ ನೋಡಿದವರು ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ತಪ್ಪಲ್ಲ. ಒಂದು ಸ್ಟೀಲಿಗೆ ತಣಿಯುವುದೇ ಕಷ್ಟ, ಇನ್ನೊಂದಕ್ಕೆ ಬಿಸಿಯಲ್ಲೇ ಕೂತಿರುವುದು ಕಷ್ಟ. 430ಗೆ 800 ಡಿಗ್ರಿ ಎಂದರೆ ಅದರ ಮಿತಿಗೆ ತೀರಾ ಹತ್ತಿರ ಅನ್ನುವುದನ್ನೂ ಈ ಅಂಕಿಯೇ ಹೇಳುತ್ತದೆ. ಮುಂದೆ ಇದು ಬೇಕಾಗುತ್ತದೆ.

ಈಗ ಈ ಪ್ಲೇಟಿನ ಕೆಲಸ ಏನು ನೋಡಿ. ಒಂದು ಸೆಲ್ಲು ಕೆಲಸ ಮಾಡುವಾಗ ಕೊಡುವುದು ಸುಮಾರು 0.7 ವೋಲ್ಟ್ ಮಾತ್ರ. ಹಾಗಾಗಿ ಹತ್ತಾರು ಸೆಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಸ್ಟ್ಯಾಕ್ ಮಾಡುತ್ತಾರೆ. ಎರಡು ಸೆಲ್ಲುಗಳ ನಡುವೆ ಕೂರುವ ಪ್ಲೇಟು ಇಂಟರ್‌ಕನೆಕ್ಟ್. ಅದರ ಒಂದು ಮುಖಕ್ಕೆ ಗಾಳಿ, ಇನ್ನೊಂದಕ್ಕೆ ಹೈಡ್ರೋಜನ್ ಅಥವಾ ಬೇರೆ ಇಂಧನ. ಎರಡೂ ಬೆರೆಯಬಾರದು, ಆದರೆ ಕರೆಂಟು ಮಾತ್ರ ಸಲೀಸಾಗಿ ದಾಟಬೇಕು. ಮೊದಲು ಸ್ಟ್ಯಾಕ್‌ಗಳು 1000 ಡಿಗ್ರಿಯ ಆಸುಪಾಸಿನಲ್ಲಿ ನಡೆಯುತ್ತಿದ್ದವು. ಆಗ ಈ ಪ್ಲೇಟನ್ನು ಲ್ಯಾಂಥನಂ ಕ್ರೋಮೈಟ್ ಎಂಬ ಸೆರಾಮಿಕ್‌ನಲ್ಲಿ ಮಾಡಬೇಕಿತ್ತು. ಅದು ಭಾರಿ ದುಬಾರಿ, ತಯಾರಿಯೂ ಕಷ್ಟ. ಸೆಲ್ಲಿನ ಬಿಸಿ 650-800 ಡಿಗ್ರಿಯ ಮಟ್ಟಕ್ಕೆ ಇಳಿದ ಮೇಲೆ ಸ್ಟೀಲಿಗೆ ಬಾಗಿಲು ತೆರೆಯಿತು. ಅದರಲ್ಲೂ ಸೆರಾಮಿಕ್‌ನಷ್ಟೇ ಹಿಗ್ಗುವ ಫೆರಿಟಿಕ್‌ಗೆ.

ಕರೆಂಟು ದಾಟಬೇಕು ಅನ್ನುವುದರಲ್ಲೇ ಎಲ್ಲ ತಲೆನೋವು ಇದೆ. ಬಿಸಿ ತಡೆಯುವುದಷ್ಟೇ ಗುರಿಯಾಗಿದ್ದರೆ ಅಲ್ಯೂಮಿನಿಯಂ ಬೆರೆಸಿದ ಸ್ಟೀಲು ಸಾಕಿತ್ತು. ಹೀಟರ್ ಕಾಯಿಲ್‌ಗೆ ಬಳಸುವ ಕಾಂತಲ್ ತಂತಿ ಇದೆಯಲ್ಲ, ಅದರ ಮೇಲೆ ಅಲ್ಯೂಮಿನಾ ಪದರ ಬಂದು ವರ್ಷಗಟ್ಟಲೆ ಕಾಯುತ್ತದೆ. ಆದರೆ ಅಲ್ಯೂಮಿನಾ ಕರೆಂಟ್ ಬಿಡುವುದಿಲ್ಲ. ಸಿಲಿಕಾ ಕೂಡ ಹಾಗೇ. ಕ್ರೋಮಿಯಂ ಆಕ್ಸೈಡ್ ಮಾತ್ರ ಮಧ್ಯದ ದಾರಿ: ಸಾಕಷ್ಟು ನಿಧಾನವಾಗಿ ಬೆಳೆಯುತ್ತದೆ, 800 ಡಿಗ್ರಿಯಲ್ಲಿ ಅಷ್ಟಿಷ್ಟು ಕರೆಂಟನ್ನೂ ಬಿಡುತ್ತದೆ. ಪದರದ ಪ್ರತಿರೋಧ ಒಂದು ಚದರ ಸೆಂಟಿಮೀಟರಿಗೆ 0.1 ಓಮ್ ದಾಟಬಾರದು ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ಅಷ್ಟೇ ಜಾಗದಲ್ಲಿ ಅರ್ಧ ಆಂಪಿಯರ್ ಹರಿದರೆ 0.05 ವೋಲ್ಟ್ ಅಲ್ಲೇ ಹೋಯಿತು. ಇರುವುದೇ 0.7, ಅದರಲ್ಲಿ ಶೇ. 7 ಪದರಕ್ಕೇ ಖರ್ಚು.

ವೆಲ್ಡ್ ಮಾಡಿದಾಗ ಜೋಡಣೆಯ ಪಕ್ಕದಲ್ಲಿ ಹಳದಿ, ಕಂದು, ನೀಲಿ ಪಟ್ಟಿ ಬೀಳುತ್ತದಲ್ಲ, ಅದೂ ಈ ಆಕ್ಸೈಡೇ. ಬರೀ ತೆಳು ಪದರ, ದಪ್ಪ ಹೆಚ್ಚಿದಂತೆ ಬಣ್ಣ ಬದಲಾಗುತ್ತದೆ. 800 ಡಿಗ್ರಿಯಲ್ಲಿ ಅದು ಬಣ್ಣದ ಹಂತ ದಾಟಿ ಬೂದಾಗುತ್ತದೆ.

ಈ ಪದರ ಬೆಳೆಯುವುದಕ್ಕೆ ಒಂದು ಲೆಕ್ಕ ಇದೆ. ಕಾರ್ಲ್ ವಾಗ್ನರ್ ಎಂಬ ಜರ್ಮನ್ ವಿಜ್ಞಾನಿ 1933ರಲ್ಲಿ ಅದಕ್ಕೆ ಸಿದ್ಧಾಂತ ಕೊಟ್ಟರು. ಒಳಗಿನ ಲೋಹ ಹೊರಬರಲು, ಹೊರಗಿನ ಆಮ್ಲಜನಕ ಒಳಹೋಗಲು ಪದರವನ್ನೇ ದಾಟಬೇಕು. ಪದರ ದಪ್ಪವಾದಷ್ಟೂ ದಾಟುವುದು ನಿಧಾನ. ಹಾಗಾಗಿ ದಪ್ಪ ದುಪ್ಪಟ್ಟಾಗಲು ನಾಲ್ಕು ಪಟ್ಟು ಸಮಯ ಬೇಕು. ಉದಾಹರಣೆಗೆ ಸಾವಿರ ಗಂಟೆಯಲ್ಲಿ 2 ಮೈಕ್ರೋಮೀಟರ್ ಬೆಳೆದರೆ ನಾಲ್ಕು ಸಾವಿರ ಗಂಟೆಗೆ 4, ನಲವತ್ತು ಸಾವಿರ ಗಂಟೆಗೆ ಸುಮಾರು 12.6. ನಲವತ್ತು ಸಾವಿರ ಗಂಟೆ ಅಂದರೆ ನಾಲ್ಕೂವರೆ ವರ್ಷ. ಒಂದೇ ಕಡೆ ನಿಂತು ಕರೆಂಟ್ ಕೊಡುವ ಸ್ಟ್ಯಾಕ್‌ಗಳಿಂದ ನಿರೀಕ್ಷಿಸುವ ಕನಿಷ್ಠ ಬಾಳಿಕೆ ಅಷ್ಟು.

ಇಷ್ಟು ಕೇಳಿದರೆ ಚಿಂತೆಯಿಲ್ಲ ಅನ್ನಿಸುತ್ತದೆ, ಅಲ್ವಾ? ಚಿಂತೆ ಇರುವುದು ಒಳಗಿನ ಕ್ರೋಮಿಯಂ ದಾಸ್ತಾನಿನಲ್ಲಿ. ಅದು ಮಳೆಗಾಲದ ಮನೆಯ ಕಣಜ ಇದ್ದ ಹಾಗೆ. ತೆಗೆಯುವುದೊಂದೇ, ತುಂಬುವುದಿಲ್ಲ. ತಗಡು ಎಷ್ಟು ತೆಳುವೋ ಕಣಜ ಅಷ್ಟು ಚಿಕ್ಕದು. ಮೇಲಿನ ಅಂಕಿಗಳನ್ನೇ ಹಿಡಿದು ನಾನೊಂದು ಲೆಕ್ಕ ಹಾಕಿದೆ. 12.6 ಮೈಕ್ರೋಮೀಟರ್ ದಪ್ಪದ ಪದರ ಎರಡೂ ಮುಖಕ್ಕೆ ಬರಲು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 9 ಮಿಲಿಗ್ರಾಂ ಕ್ರೋಮಿಯಂ ಬೇಕು. 0.2 ಮಿಲಿಮೀಟರ್ ದಪ್ಪದ 430 ತಗಡಿನಲ್ಲಿ ಅಷ್ಟು ಜಾಗದಲ್ಲಿರುವುದು ಸುಮಾರು 26 ಮಿಲಿಗ್ರಾಂ. 9 ಹೋದರೆ ಉಳಿದ ಸ್ಟೀಲಿನಲ್ಲಿ ಕ್ರೋಮಿಯಂ ಶೇ. 12ಕ್ಕೆ ಇಳಿಯುತ್ತದೆ. ಅಪಾಯದ ಗೆರೆ ಅಲ್ಲೇ ಆಸುಪಾಸಿನಲ್ಲಿದೆ. ಅದರ ಕೆಳಗೆ ಪದರದಲ್ಲಿ ಎಲ್ಲಾದರೂ ಬಿರುಕು ಬಿಟ್ಟರೆ ಮುಚ್ಚಲು ಕ್ರೋಮಿಯಂ ಸಾಲದು. ಕಬ್ಬಿಣ ನುಗ್ಗಿ ಬಂದು ಭರಭರನೆ ಕೆಂಪು ಆಕ್ಸೈಡ್ ಆಗುತ್ತದೆ. ಆಮೇಲೆ ವಾಗ್ನರ್ ಲೆಕ್ಕವೂ ಇಲ್ಲ, ಏನೂ ಇಲ್ಲ. ತಗಡು ತೂತಾಗುವವರೆಗೂ ನಿಲ್ಲುವುದಿಲ್ಲ. ಅದೇ 430 ಒಂದು ಮಿಲಿಮೀಟರ್ ದಪ್ಪವಿದ್ದರೆ ಶೇ. 16 ಉಳಿಯುತ್ತಿತ್ತು. ಶೇ. 22 ಕ್ರೋಮಿಯಂ ಇರುವ ಸ್ಟೀಲಾದರೆ 0.2 ಮಿಲಿಮೀಟರಿನಲ್ಲೂ ಶೇ. 17 ಉಳಿಯುತ್ತದೆ. ನಿಜದಲ್ಲಿ 430ರ ಪದರ ನಾನು ಹಿಡಿದದ್ದಕ್ಕಿಂತ ಬೇಗ ಬೆಳೆಯುತ್ತದೆ, ಹಾಗಾಗಿ ಪರಿಸ್ಥಿತಿ ಇನ್ನೂ ಬಿಗಿ. ನಿಮ್ಮ ತುಂಡಿನ ದಪ್ಪ ನೀವು ಬರೆದಿಲ್ಲ. ಮಗಳ ವರದಿಯಲ್ಲಿ ಅದು ಇರಲೇಬೇಕು.

ನಿಮ್ಮ ಕೆಂಪು ಚುಕ್ಕೆಗಳು ಕಣಜ ಖಾಲಿಯಾದ ಲಕ್ಷಣ ಅಂತ ನನಗೆ ಅನ್ನಿಸುವುದಿಲ್ಲ. ಕೆಲವು ವಾರಕ್ಕೆ ಅಷ್ಟು ಬೇಗ ಆಗದು. ಅಂಚಿನಲ್ಲೇ ಬಿದ್ದಿವೆ ಅನ್ನುತ್ತೀರಿ. ನನ್ನ ಅನುಮಾನ ನಿಮ್ಮ ಗ್ರೈಂಡರ್ ಮೇಲೆ. ಮೈಲ್ಡ್ ಸ್ಟೀಲ್ ಗೇಟನ್ನು ಉಜ್ಜಿದ ಚಕ್ರದಲ್ಲೇ ಈ ತುಂಡಿನ ಅಂಚನ್ನೂ ಉಜ್ಜಿದ್ದರೆ ಕಬ್ಬಿಣದ ಪುಡಿ ಅಂಚಿಗೆ ಮೆತ್ತಿರುತ್ತದೆ, ಬಿಸಿಯಲ್ಲಿ ಅದು ಕೆಂಪಾಗುತ್ತದೆ. ಎರಡನೇ ಅನುಮಾನ ಕೈಬೆವರು ಮತ್ತು ಉಪ್ಪುಗಾಳಿ. ಶಾಪಿನಲ್ಲಿ ಒಂದು ವಾರ ಬಿದ್ದಿದ್ದ ತಗಡಿನ ಮೇಲೆ ಕಣ್ಣಿಗೆ ಕಾಣದಷ್ಟು ಉಪ್ಪು ಕೂತಿರುತ್ತದೆ. ಹೊಸ ತುಂಡುಗಳನ್ನು ಹೊಸ ಚಕ್ರದಲ್ಲಿ ಉಜ್ಜಿ, ಸಾಬೂನು ನೀರಲ್ಲಿ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿ, ಆಮೇಲೆ ಕೈಗವಸು ಹಾಕಿಯೇ ಮುಟ್ಟಿ. ಒಂದು ತುಂಡನ್ನು ಮಾತ್ರ ಇದ್ದ ಹಾಗೇ ಇಡಿ. ಎರಡನ್ನೂ ಒಟ್ಟಿಗೆ ಫರ್ನೇಸಿಗೆ ಹಾಕಿದರೆ ಉತ್ತರ ತಾನಾಗೇ ಸಿಗುತ್ತದೆ.

ಕಡಲ ಗಾಳಿಯ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಈ ವಿಷಯದಲ್ಲಿ ಓದುವ ಹುಡುಗರು ಹೆಚ್ಚಿನವರು ಇದನ್ನು ಕೇಳುವುದೇ ಇಲ್ಲ. ಗಾಳಿಯಲ್ಲಿ ಎರಡು ತೊಂದರೆ ಇವೆ: ನೀರಾವಿ ಮತ್ತು ಉಪ್ಪು.

ಕ್ರೋಮಿಯಂ ಆಕ್ಸೈಡ್ ಕಲ್ಲಿನಂತೆ ಗಟ್ಟಿ ಪದಾರ್ಥ ನಿಜ. ಆದರೆ ಈ ಬಿಸಿಯಲ್ಲಿ ಆಮ್ಲಜನಕ ಮತ್ತು ನೀರಾವಿ ಸೇರಿದರೆ ಅದರ ಒಂದಂಶ ಕ್ರೋಮಿಯಂ ಆಕ್ಸಿಹೈಡ್ರಾಕ್ಸೈಡ್ ಎಂಬ ಅನಿಲವಾಗಿ ಹಾರಿಹೋಗುತ್ತದೆ. ಗಾಳಿಯಲ್ಲಿ ನೀರಾವಿ ದುಪ್ಪಟ್ಟಾದರೆ ಈ ಅನಿಲವೂ ದುಪ್ಪಟ್ಟು. ಹಾರಿದ್ದು ಸುಮ್ನೆ ಹೊರಗೆ ಹೋಗುವುದಿಲ್ಲ. ಪಕ್ಕದಲ್ಲೇ ಇರುವ ಗಾಳಿ ಬದಿಯ ವಿದ್ಯುದ್ವಾರಕ್ಕೆ ಹೋಗಿ ಮತ್ತೆ ಗಟ್ಟಿಯಾಗಿ ಕೂರುತ್ತದೆ. ಅಲ್ಲಿ ಸ್ಟ್ರಾನ್ಷಿಯಂ ಇದ್ದರೆ ಸ್ಟ್ರಾನ್ಷಿಯಂ ಕ್ರೋಮೇಟ್ ಆಗುತ್ತದೆ. ಆಮ್ಲಜನಕ ಒಳಗೆ ಹೋಗುವ ಜಾಗವೇ ಮುಚ್ಚಿ ಸೆಲ್ಲಿನ ಶಕ್ತಿ ಇಳಿಯುತ್ತದೆ. ಸ್ಟೀಲು ನೋಡಲು ಚೆನ್ನಾಗೇ ಇರುತ್ತದೆ, ಸೆಲ್ಲು ಸತ್ತಿರುತ್ತದೆ. ಬರೀ ಸ್ಟೀಲಿನ ತುಂಡನ್ನು ನೋಡಿ ತೀರ್ಪು ಕೊಡುವ ಪ್ರಾಜೆಕ್ಟುಗಳ ಬಗ್ಗೆ ನನಗೆ ಇರುವ ದೊಡ್ಡ ತಕರಾರು ಇದೇ.

ಕಾರವಾರದ ಮಳೆಗಾಲದಲ್ಲಿ 27 ಡಿಗ್ರಿ, ಶೇ. 90 ತೇವಾಂಶ ಎಂದು ಹಿಡಿದರೆ ಗಾಳಿಯ ಶೇ. 3ಕ್ಕೂ ತುಸು ಜಾಸ್ತಿ ಭಾಗ ನೀರಾವಿಯೇ. ಬಯಲುಸೀಮೆಯ ಡಿಸೆಂಬರಿನಲ್ಲಿ 20 ಡಿಗ್ರಿ, ಶೇ. 40 ತೇವಾಂಶ ಇದ್ದರೆ ಅದು ಶೇ. 1ಕ್ಕೂ ಕಮ್ಮಿ. ಅಂದರೆ ಅದೇ ಸ್ಟೀಲು, ಅದೇ ಬಿಸಿ, ಊರು ಮತ್ತು ಕಾಲ ಬದಲಾದದ್ದಕ್ಕೇ ಹಾರಿಹೋಗುವ ಕ್ರೋಮಿಯಂ ಮೂರು ಪಟ್ಟು ಜಾಸ್ತಿ. ಹೊರದೇಶದ ಲ್ಯಾಬುಗಳಲ್ಲಿ ಇಂಥ ಪರೀಕ್ಷೆಗೆ ಗಾಳಿಯನ್ನು ನೀರಿನಲ್ಲಿ ಗುಳುಗುಳಿಸಿ ಶೇ. 3 ನೀರಾವಿ ಬೆರೆಸುವುದು ರೂಢಿ. ನಿಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಬಿಟ್ಟಿಯಾಗಿ ಸಿಗುತ್ತದೆ. ಮಗಳು ಪ್ರತಿ ದಿನದ ತೇವಾಂಶ ಬರೆದಿಟ್ಟರೆ ವರದಿಗೆ ತೂಕ ಬರುತ್ತದೆ. ಇನ್ನೊಂದು ಮಾತು: ಮುಚ್ಚಿದ ಮಫಲ್ ಫರ್ನೇಸಿನಲ್ಲಿ ಗಾಳಿ ಆಡುವುದಿಲ್ಲ, ಹಾಗಾಗಿ ಈ ನಷ್ಟ ಕಮ್ಮಿ ಕಾಣುತ್ತದೆ. ನಿಜವಾದ ಸ್ಟ್ಯಾಕ್‌ನಲ್ಲಿ ಬ್ಲೋವರ್ ಸದಾ ಗಾಳಿ ನುಗ್ಗಿಸುತ್ತಿರುತ್ತದೆ. ಕೊಳವೆ ಫರ್ನೇಸ್ ಸಿಕ್ಕಿದರೆ ಗಾಳಿ ಹರಿಸಿ ಮಾಡಿ.

ಉಪ್ಪಿನ ಕತೆ ಇನ್ನೂ ಕೆಟ್ಟದು. ಸೋಡಿಯಂ ಕ್ಲೋರೈಡ್, ನೀರಾವಿ, ಆಮ್ಲಜನಕ ಮೂರೂ ಸೇರಿ ಕ್ರೋಮಿಯಂ ಆಕ್ಸೈಡನ್ನು ಸೋಡಿಯಂ ಕ್ರೋಮೇಟ್ ಮಾಡಿಬಿಡುತ್ತವೆ. ರಕ್ಷಣೆ ಕೊಡುತ್ತಿದ್ದ ಪದರವೇ ಕರಗಿಹೋದಂತೆ. ಅಲ್ಲಿಂದ ಕಬ್ಬಿಣಕ್ಕೆ ದಾರಿ ಸಲೀಸು. 801 ಡಿಗ್ರಿಗೆ ಉಪ್ಪು ಕರಗಿ ನೀರಾಗುತ್ತದೆ, ಬೇರೆ ಲವಣಗಳು ಬೆರೆತಿದ್ದರೆ ಅದಕ್ಕಿಂತ ಮೊದಲೇ. ಕಡಲ ತೀರದಲ್ಲಿ ಇಂಥ ಸ್ಟ್ಯಾಕ್ ಇಡುವುದಾದರೆ ಬ್ಲೋವರಿನ ಬಾಯಿಗೆ ಒಳ್ಳೆ ಏರ್ ಫಿಲ್ಟರ್ ಕಡ್ಡಾಯ. ಮಗಳಿಗೆ ಆಸಕ್ತಿ ಇದ್ದರೆ ಉಪ್ಪು ಬೆಳೆಯುವ ಸಾಣಿಕಟ್ಟಾದ ಹರಳುಪ್ಪನ್ನು ನೀರಲ್ಲಿ ಕರಗಿಸಿ, ಒಂದು ತುಂಡಿನ ಮೇಲೆ ಒಂದು ಹನಿ ಒಣಗಿಸಿ 700 ಡಿಗ್ರಿಯಲ್ಲಿಟ್ಟು ನೋಡಲಿ. ಅಂಗಡಿಯ ಶುದ್ಧ ಉಪ್ಪಿಗಿಂತ ಅದರಲ್ಲಿ ಮೆಗ್ನೀಶಿಯಂ ಲವಣಗಳು ಜಾಸ್ತಿ ಇರುವುದರಿಂದ ನಿಮ್ಮ ಗಾಳಿಗೆ ಅದೇ ಹತ್ತಿರ. ಈ ಭಾಗದಲ್ಲಿ ಕೆಲಸ ಮಾಡಿದವರು ಕಮ್ಮಿ, ಒಳ್ಳೆ ಪ್ರಾಜೆಕ್ಟ್ ಆಗುತ್ತದೆ.

ಆದರೆ ಇದರಲ್ಲಿ ಅಪಾಯವಿದೆ, ದಯವಿಟ್ಟು ಗಮನ ಕೊಡಿ. ಉಪ್ಪು ಹಾಕಿದ ತುಂಡಿನ ಮೇಲೆ ಹಳದಿ ಬಣ್ಣ ಕಂಡರೆ, ಅಥವಾ ತೊಳೆದ ನೀರು ಹಳದಿಯಾದರೆ ಅದು ಆರು ವೇಲೆನ್ಸಿಯ ಕ್ರೋಮಿಯಂ. ಅದು ಕ್ಯಾನ್ಸರ್‌ಕಾರಕ. ಬರಿಗೈಲಿ ಮುಟ್ಟಬಾರದು, ಪುಡಿ ಮಾಡಿ ಗಾಳಿಗೆ ಹಾರಿಸಬಾರದು, ನೀರನ್ನು ಬಾವಿ ಕಡೆಗೂ ಗಟಾರಕ್ಕೂ ಚೆಲ್ಲಬಾರದು. ಬಾಟಲಿಯಲ್ಲಿ ತುಂಬಿ, ಹೆಸರು ಬರೆದು, ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗೆ ಒಪ್ಪಿಸಿ. ಫರ್ನೇಸಿನ ಬಾಗಿಲ ಸಂದಿಯಲ್ಲಿ ಹಳದಿ ಕಲೆ ಕಂಡರೂ ಇದೇ ಎಚ್ಚರ.

ಇನ್ನೊಂದು ಸಂಗತಿಯನ್ನು ಮಫಲ್ ಫರ್ನೇಸ್ ನಿಮಗೆ ತೋರಿಸುವುದೇ ಇಲ್ಲ. ನಿಮ್ಮ ತುಂಡಿಗೆ ಎರಡೂ ಬದಿ ಗಾಳಿ. ಸ್ಟ್ಯಾಕ್‌ನಲ್ಲಿ ಒಂದು ಬದಿ ಗಾಳಿ, ಇನ್ನೊಂದು ಬದಿ ಹೈಡ್ರೋಜನ್. ಹೈಡ್ರೋಜನ್ ಎಷ್ಟು ಚಿಕ್ಕದೆಂದರೆ ಬಿಸಿ ಸ್ಟೀಲಿನೊಳಗೆ ನುಸುಳಿ ಗಾಳಿಯ ಬದಿಗೆ ಬಂದು ಸೇರುತ್ತದೆ. ಬಂದಾಗ ಗಾಳಿ ಬದಿಯ ಪದರ ಕೆಡುತ್ತದೆ. ಬರೀ ಗಾಳಿಯಲ್ಲಿ ಅಚ್ಚುಕಟ್ಟಾಗಿದ್ದ ಅದೇ ಸ್ಟೀಲಿನ ಮೇಲೆ ಕೆಂಪು ಗಂಟುಗಳು ಏಳುತ್ತವೆ. ಮೋಜಿನ ವಿಷಯ ಅಂದರೆ ಇದು 800 ಡಿಗ್ರಿಗಿಂತ 600ರಲ್ಲಿ ಜಾಸ್ತಿ. ಬಿಸಿ ಕಮ್ಮಿಯಿದ್ದಾಗ ಸ್ಟೀಲಿನೊಳಗಿಂದ ಕ್ರೋಮಿಯಂ ಮೇಲಕ್ಕೆ ಬರುವುದು ನಿಧಾನ, ಒಳ್ಳೆಯ ಪದರ ಕಟ್ಟಿಕೊಳ್ಳುವ ಮೊದಲೇ ಹೈಡ್ರೋಜನ್ ಕೆಲಸ ಕೆಡಿಸುತ್ತದೆ. ಸ್ಟೀಲು ಉಳಿಯಲಿ ಎಂದು ಬಿಸಿ ಇಳಿಸಿದವರಿಗೆ ಅಲ್ಲೇ ಹೊಸ ತೊಂದರೆ ಕಾದಿತ್ತು. ಹೈಡ್ರೋಜನ್ ಸಿಲಿಂಡರ್ ತಂದು ಕಾಲೇಜಿನಲ್ಲಿ ಇದನ್ನು ಪರೀಕ್ಷಿಸಿ ಅಂತ ನಾನು ಹೇಳಲಾರೆ. ನುರಿತವರಿಲ್ಲದೆ ಅದು ಬೇಡವೇ ಬೇಡ. ವರದಿಯಲ್ಲಿ ಒಂದು ಪ್ಯಾರಾ ಬರೆದರೆ ಸಾಕು.

ಹಾಗಾದರೆ ಪೇಟೆಯ 430 ಆಗುತ್ತದಾ? ಪ್ರಾಜೆಕ್ಟಿಗೆ ಧಾರಾಳವಾಗಿ ಆಗುತ್ತದೆ. ವರ್ಷಗಟ್ಟಲೆ ನಡೆಯುವ ಸ್ಟ್ಯಾಕ್‌ಗೆ ಬರಿಮೈಯಲ್ಲಿ ಆಗದು. ಕ್ರೋಮಿಯಂ ಸಾಲದು ಎನ್ನುವುದು ಒಂದು ಕಾರಣ. ಸಿಲಿಕಾನ್ ಇನ್ನೊಂದು. 430ರ ಮಾನದಂಡದಲ್ಲಿ ಸಿಲಿಕಾನ್ ಶೇ. 1ರವರೆಗೆ ಇರಬಹುದು. ಅದು ಕ್ರೋಮಿಯಂ ಪದರದ ಅಡಿಯಲ್ಲಿ ಸಿಲಿಕಾದ ತೆಳು ಹಾಳೆಯಾಗಿ ಹರಡಿ ಕರೆಂಟಿಗೆ ಅಡ್ಡ ಕೂರುತ್ತದೆ. ಈ ಕೆಲಸಕ್ಕೆಂದೇ ಮಾಡಿದ ಸ್ಟೀಲುಗಳಿವೆ. ಜರ್ಮನಿಯ ಯೂಲಿಷ್ ಸಂಶೋಧನಾ ಕೇಂದ್ರದ ಕೆಲಸದಿಂದ ಬಂದ ಕ್ರೋಫರ್ 22 ಎಪಿಯು ಅದರಲ್ಲಿ ಹೆಸರುವಾಸಿ. ಶೇ. 22ರಷ್ಟು ಕ್ರೋಮಿಯಂ, ಅರ್ಧ ಶೇಕಡಾದಷ್ಟು ಮ್ಯಾಂಗನೀಸ್, ಚಿಟಿಕೆಯಷ್ಟು ಲ್ಯಾಂಥನಂ ಮತ್ತು ಟೈಟಾನಿಯಂ, ಸಿಲಿಕಾನ್ ತೀರಾ ಕಮ್ಮಿ. ಆ ಮ್ಯಾಂಗನೀಸ್ ಮೇಲಕ್ಕೆ ಬಂದು ಕ್ರೋಮಿಯಂ ಜೊತೆ ಸೇರಿ ಇನ್ನೊಂದು ಪದರ ಕಟ್ಟುತ್ತದೆ, ಕ್ರೋಮಿಯಂ ಹಾರುವುದು ಅರ್ಧಕ್ಕಿಂತ ಕಮ್ಮಿಯಾಗುತ್ತದೆ. ಲ್ಯಾಂಥನಂ ಚಿಟಿಕೆಯಷ್ಟಿದ್ದರೂ ಪದರದ ಬೆಳವಣಿಗೆ ತಗ್ಗುತ್ತದೆ, ಅಂಟು ಗಟ್ಟಿಯಾಗುತ್ತದೆ. ಸಿಲಿಕಾನನ್ನು ಇಷ್ಟು ಇಳಿಸಲು ನಿರ್ವಾತದಲ್ಲಿ ಕರಗಿಸಬೇಕು, ಅದಕ್ಕೇ ಬೆಲೆ ಜಾಸ್ತಿ.

ನನಗೆ ಹೆಚ್ಚು ಬುದ್ಧಿವಂತಿಕೆ ಕಾಣುವುದು ಬೇರೆ ದಾರಿಯಲ್ಲಿ: ಕಾರಿನ ಸೈಲೆನ್ಸರ್ ಪೈಪಿಗೆ ಬಳಸುವ 441ರಂಥ ಸ್ಟೀಲು ತೆಗೆದುಕೊಂಡು ಮೇಲೆ ಲೇಪನ ಕೊಡುವುದು. 441ರಲ್ಲಿ ನಯೋಬಿಯಂ ಇದೆ, ಅದು ಸಿಲಿಕಾನನ್ನು ಒಳಗೇ ಹಿಡಿದಿಡುತ್ತದೆ. ಲೇಪನಕ್ಕೆ ಮ್ಯಾಂಗನೀಸ್ ಕೋಬಾಲ್ಟ್ ಆಕ್ಸೈಡ್ ಬಳಸುತ್ತಾರೆ. ಅದು ಕರೆಂಟನ್ನು ಕ್ರೋಮಿಯಂ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಜಾಸ್ತಿ ಚೆನ್ನಾಗಿ ಬಿಡುತ್ತದೆ, ಕ್ರೋಮಿಯಂ ಹಾರದಂತೆಯೂ ತಡೆಯುತ್ತದೆ. ಸ್ವೀಡನ್‌ನವರು ಸ್ಟೀಲ್ ಕಾಯಿಲ್ ಬಿಚ್ಚುತ್ತಾ ಹೋದ ಹಾಗೇ ಅದರ ಮೇಲೆ ಮೈಕ್ರೋಮೀಟರಿಗೂ ತೆಳುವಾದ ಕೋಬಾಲ್ಟ್, ಅದರ ಕೆಳಗೆ ಹತ್ತು ನ್ಯಾನೋಮೀಟರಿನ ಸೀರಿಯಂ ಕೂರಿಸುತ್ತಾರೆ. ತಗಡನ್ನು ಆಮೇಲೆ ಪ್ರೆಸ್‌ನಲ್ಲಿ ಒತ್ತಿ ಆಕಾರ ಕೊಡುತ್ತಾರೆ. ಬಿಸಿಯಲ್ಲಿ ಕೋಬಾಲ್ಟ್ ಆಕ್ಸೈಡ್ ಆಗಿ, ಸ್ಟೀಲಿನ ಮ್ಯಾಂಗನೀಸನ್ನು ಎಳೆದುಕೊಂಡು ಬೇಕಾದ ಲೇಪನ ತಾನಾಗೇ ತಯಾರಾಗುತ್ತದೆ. ಹಾರುವ ಕ್ರೋಮಿಯಂ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ನಿಮ್ಮಂಥ ತಗಡು ಕೆಲಸದವರು ಮೆಚ್ಚುವ ಉಪಾಯ.

ಪೇಟೆಯಲ್ಲಿ ತಗಡು ಕೊಳ್ಳುವಾಗ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಇಸಿದುಕೊಳ್ಳಿ. ಅದರಲ್ಲಿ ಕ್ರೋಮಿಯಂ, ಸಿಲಿಕಾನ್, ಅಲ್ಯೂಮಿನಿಯಂ ಮೂರು ಅಂಕಿ ನೋಡಿ. ಸರ್ಟಿಫಿಕೇಟ್ ಇಲ್ಲದ ತುಂಡಿನ ಮೇಲೆ ಎಷ್ಟು ದಿನ ಪ್ರಯೋಗ ಮಾಡಿದರೂ ಅದು ಯಾವ ಸ್ಟೀಲಿನ ಫಲಿತಾಂಶ ಅಂತ ಹೇಳಲು ಬರುವುದಿಲ್ಲ.

ಪ್ರಯೋಗದ ಬಗ್ಗೆ ಒಂದೆರಡು ಮಾತು. ಕಣ್ಣಲ್ಲಿ ನೋಡಿದರೆ ಸಾಲದು, ತೂಗಬೇಕು. 0.1 ಮಿಲಿಗ್ರಾಂ ತೋರಿಸುವ ತಕ್ಕಡಿ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇರುತ್ತದೆ. ತುಂಡನ್ನು ಅಲ್ಯೂಮಿನಾ ಮೂಸೆಯಲ್ಲಿಟ್ಟು ಕಾಯಿಸಿದರೆ ಉದುರಿದ ಹುರುಪೆ ಅದರಲ್ಲೇ ಉಳಿಯುತ್ತದೆ. ತುಂಡು ಬೇರೆ, ಮೂಸೆ ಸಮೇತ ಬೇರೆ ತೂಗಿ. ತೂಕದ ಏರಿಕೆಯನ್ನು ಮೇಲ್ಮೈಯಿಂದ ಭಾಗಿಸಿ, ಅದರ ವರ್ಗವನ್ನು ಸಮಯದ ಎದುರು ಗ್ರಾಫ್ ಹಾಕಿ. ನೇರ ಗೆರೆ ಬಂದರೆ ವಾಗ್ನರ್ ಹೇಳಿದ ಹಾಗೇ ನಡೆಯುತ್ತಿದೆ. ಗೆರೆ ಮೇಲಕ್ಕೆ ಬಾಗಿದರೆ ಕಬ್ಬಿಣ ನುಗ್ಗಿದೆ. ಕೆಳಕ್ಕೆ ಬಾಗಿದರೆ ಹುರುಪೆ ಉದುರಿದೆ, ಇಲ್ಲವೇ ಕ್ರೋಮಿಯಂ ಹಾರಿದೆ. ಇನ್ನು ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಹೋಗುವುದು ಹೊಸದೇನಲ್ಲ. ಹೋದಾಗಲೆಲ್ಲ ಫರ್ನೇಸ್ ತಣಿಯುತ್ತದೆ, 304ಗೆ ಅದೊಂದು ಹೊಡೆತ. ಯಾವ ದಿನ, ಎಷ್ಟು ಹೊತ್ತು, ಎಷ್ಟು ಡಿಗ್ರಿಗೆ ಇಳಿಯಿತು ಎಂಬುದನ್ನು ಪುಸ್ತಕದಲ್ಲಿ ಬರೆಯದಿದ್ದರೆ ಆಮೇಲೆ ಗ್ರಾಫ್ ಅರ್ಥವಾಗುವುದಿಲ್ಲ.

ಜಲಾಂತರ್ಗಾಮಿಯ ಪ್ರಶ್ನೆಗೆ ಉತ್ತರ ಚಿಕ್ಕದು: ಅದು ಬೇರೆ ಜಾತಿ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಅಂಬರ್‌ನಾಥ್ ಪ್ರಯೋಗಾಲಯ ಮಾಡಿದ್ದು ಫಾಸ್ಫಾರಿಕ್ ಆಸಿಡ್ ಫ್ಯುಯೆಲ್ ಸೆಲ್. ಆ ಬಗೆಯ ಸೆಲ್ಲು ನಡೆಯುವುದು 200 ಡಿಗ್ರಿಯ ಆಸುಪಾಸಿನಲ್ಲಿ. ಅಲ್ಲಿ ಕಾಟ ಕೊಡುವುದು ಆಮ್ಲ, ಬಿಸಿ ಗಾಳಿಯಲ್ಲ. ನಿಮ್ಮ ಮಗಳ ಫಲಿತಾಂಶ ಅಲ್ಲಿಗೆ ಅನ್ವಯಿಸದು.

ಗೋಬರ್ ಗ್ಯಾಸಿನ ವಿಷಯ ಹಾಗಲ್ಲ, ಇದೇ ಜಾತಿಯ ಸೆಲ್ಲಿಗೆ ಅದು ನಿಜವಾಗಿ ಹೊಂದುತ್ತದೆ. ಶಿರಸಿ ಸೀಮೆಯಷ್ಟು ಗೋಬರ್ ಗ್ಯಾಸ್ ಮನೆಗಳು ಬೇರೆ ಕಡೆ ಸಿಗುವುದು ಅಪರೂಪ, ಹಾಗಾಗಿ ಕೇಳಿದ್ದು ಸುಮ್ನೆ ಅಲ್ಲ. ಗ್ಯಾಸಿನಲ್ಲಿ ಶೇ. 55ರಿಂದ 65 ಮೀಥೇನ್, ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಆ ಬಿಸಿಯಲ್ಲಿ, ಸೆಲ್ಲಿನ ಇಂಧನ ಬದಿಯ ವಿದ್ಯುದ್ವಾರದಲ್ಲಿರುವ ನಿಕ್ಕಲ್ ಮೇಲೆ ಇವೆರಡೂ ಸೇರಿ ಹೈಡ್ರೋಜನ್, ಕಾರ್ಬನ್ ಮೊನಾಕ್ಸೈಡ್ ಆಗುತ್ತವೆ. ಸೆಲ್ಲಿಗೆ ಎರಡೂ ಇಂಧನವೇ. ಸ್ವಲ್ಪ ನೀರಾವಿ ಬೆರೆಸದಿದ್ದರೆ ಮಸಿ ಕೂತು ವಿದ್ಯುದ್ವಾರ ಹಾಳಾಗುತ್ತದೆ, ಇಂಗಾಲ ಸ್ಟೀಲಿನೊಳಗೂ ಇಳಿದು ಕ್ರೋಮಿಯಂ ಜೊತೆ ಕಾರ್ಬೈಡ್ ಆಗಿ ಕೂರುತ್ತದೆ. ಅದಕ್ಕಿಂತ ದೊಡ್ಡ ಶತ್ರು ಗಂಧಕ. ಸಗಣಿ ಗ್ಯಾಸಿನಲ್ಲಿ ಹೈಡ್ರೋಜನ್ ಸಲ್ಫೈಡ್ ಹತ್ತು ಲಕ್ಷದಲ್ಲಿ ನೂರಾರು ಪಾಲು, ಕೆಲವೊಮ್ಮೆ ಸಾವಿರ ದಾಟಿ ಇರುತ್ತದೆ. ಈ ಸೆಲ್ಲಿನ ನಿಕ್ಕಲ್ ಬದಿ ತಡೆಯುವುದು ಸುಮಾರು ಒಂದು ಪಾಲು.

ಅದನ್ನು ತೆಗೆಯುವ ಹಳೆಯ ಉಪಾಯ ಕಬ್ಬಿಣದ ತುಕ್ಕು. ನಿಮ್ಮ ಊರಿನ ಲೇತ್ ಶಾಪಿನಲ್ಲಿ ಬೀಳುವ ಮೈಲ್ಡ್ ಸ್ಟೀಲ್ ಸುರುಳಿಗಳನ್ನು ಎಣ್ಣೆ ಹೋಗುವಂತೆ ತೊಳೆದು, ಹೊರಗಿಟ್ಟು ತುಕ್ಕು ಹಿಡಿಸಿ, ಪೈಪಿನಲ್ಲಿ ತುಂಬಿ ಗ್ಯಾಸನ್ನು ಅದರ ಮೂಲಕ ಬಿಡುತ್ತಾರೆ. ಗಂಧಕ ಅಲ್ಲೇ ಉಳಿಯುತ್ತದೆ. ಒಲೆಗೂ ಜನರೇಟರಿಗೂ ಅಷ್ಟು ಸಾಕು. ಸೆಲ್ಲಿಗೆ ಅದರ ನಂತರ ಆಕ್ಟಿವೇಟೆಡ್ ಕಾರ್ಬನ್ ಪದರವೂ ಬೇಕು. ಗ್ಯಾಸ್ ಹೊರಬರುವ ಕಡೆ ಲೆಡ್ ಅಸಿಟೇಟ್ ಪೇಪರ್ ಒದ್ದೆ ಮಾಡಿ ಹಿಡಿಯಿರಿ. ಕಂದು ಅಥವಾ ಕಪ್ಪಾದರೆ ಪೈಪಿನ ಮಾಲು ಮುಗಿದಿದೆ, ಬದಲಿಸಬೇಕು. ತೆಗೆದ ಮಾಲನ್ನು ಒಣಗಿದ್ದ ಹಾಗೇ ಚೀಲಕ್ಕೆ ತುಂಬಿ ಕೊಟ್ಟಿಗೆಯಲ್ಲಿ ಇಡಬೇಡಿ ಎಂದು ತಂಗಿಗೆ ಹೇಳಿ. ಗಾಳಿ ತಗುಲಿದರೆ ಅದು ತಾನಾಗೇ ಕಾದು ಹೊತ್ತಿಕೊಳ್ಳುತ್ತದೆ. ನೀರು ಹಾಕಿ ನೆನೆಸಿ, ಹುಲ್ಲು ಸೊಪ್ಪು ಇಲ್ಲದ ಬಯಲಲ್ಲಿ ತೆಳ್ಳಗೆ ಹರಡಲಿ.